ವಿಲಾಯತಿ ಗಾಡಿ, ಕಲ್ಯಾಣದ ಧಕ್ಕಾ

ನಮ್ಮ ಮಾಮಾನ ಹತ್ತಿರ ಒಂದು ವಿಲಾಯತಿ ಕಾರು ಇತ್ತು ಎಂದು ಬಸವಕಲ್ಯಾಣದ ಜನ ಹೇಳುತ್ತಿದ್ದರು. ಅದು ಅಷ್ಟು ಸರಿಯಾದ ಮಾತಲ್ಲ. ವಿಲಾಯತಿ ಕಾರಿನ ಹತ್ತಿರ ನಮ್ಮ ಮಾಮಾ ಇದ್ದ. ಇಬ್ಬರಲ್ಲಿ ಯಜಮಾನ ಯಾರು, ಆಳು ಯಾರು ಎಂಬ ಬಗ್ಗೆ ಇಬ್ಬರಿಗೂ ಸಂಶಯವಿರಲಿಲ್ಲ. ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲೇ ಅಂಗಳಕ್ಕೆ ಹೋಗಿ ಬಾನೆಟ್ ಎತ್ತಿ ಒಳಗೆ ಇಣುಕುವ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಅಂಥವನನ್ನು ದಿನಾ ನೋಡಿ ಬೆಳೆದವಳು.

ಅಪ್ಪ ತೀರಿಹೋದ ಮೇಲೆ ನನ್ನನ್ನೂ ಅವ್ವನನ್ನೂ ಮಾಮಾ ತನ್ನ ಮನೆಗೆ ಕರೆದುಕೊಂಡು ಬಂದ. ಅವನು ಅವ್ವನ ತಮ್ಮ. ಅವನಿಗೂ ಅತ್ತೆಗೂ ಮಕ್ಕಳಿರಲಿಲ್ಲ, ಗಾಡಿ ಇತ್ತು. (ಬಂದ, ಹೋದ ಎಂದು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಹುಬ್ಬೇರಿಸಬೇಡಿ. ನಾನು ಮಾಮಾನಿಗೆ ಬಹುವಚನ ಹಚ್ಚಿದರೆ "ಯಾಕ, ಸಿಟ್ಟ ಬಂದದೇನು?" ಎಂದು ಅವನೇ ಕೇಳುತ್ತಿದ್ದ.)

ನಿಜಾಮನ ಕಾಲ ಮುಗಿದು ಜಹಗೀರುಗಳು ಹೋದಾಗ ಯಾವುದೋ ಹವೇಲಿಯ ಅಂಗಳದಲ್ಲಿ ಈ ಗಾಡಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮರಿ ಮಾಡಿತ್ತು. ಮಾಮಾ ಅದನ್ನು ಎತ್ತುಗಳಿಗೆ ಕಟ್ಟಿ ಎಳೆದುಕೊಂಡು ಬಂದ. ಮುಂದೆಯೂ ಎಷ್ಟೋ ಸಲ ಅದು ಹಾಗೆಯೇ ಮನೆಗೆ ಬಂತು. ನೆರೆಯವರು ನಕ್ಕರೆ ಮಾಮಾ, "ಇಂಗ್ರೇಜರು ನಮ್ಮ ಕೊಹಿನೂರ ಒಯ್ದ್ರು, ನಾ ಅವರ ಗಾಡಿ ಇಟ್ಕೊಂಡೇನಿ. ಲೆಕ್ಕ ಬರಾಬರ್" ಎನ್ನುತ್ತಿದ್ದ. ಅತ್ತೆಯ ತವರು ನಮ್ಮ ತಾಲ್ಲೂಕಿನದೇ ಕೊಹಿನೂರ ಎಂಬ ಊರು. ಅವಳು ಒಳಗಿನಿಂದಲೇ, "ಕೊಹಿನೂರ ಇಲ್ಲೇ ಒಲಿ ಮುಂದ ಕುಂತದ. ಯಾರೂ ಒಯ್ದಿಲ್ಲ, ಯಾರೂ ಕೇಳಂಗೂ ಇಲ್ಲ" ಎನ್ನುತ್ತಿದ್ದಳು.

ಆ ಗಾಡಿಯನ್ನು ನಡೆಸಲು ಪೆಟ್ರೋಲ್ ಒಂದಿದ್ದರೆ ಸಾಲದು, ಒಂದು ಅಡುಗೆಮನೆಯೂ ಬೇಕಿತ್ತು. ಪೆಟ್ರೋಲ್ ಟಾಕಿ ಸೋರಿದರೆ ಬಟ್ಟೆ ಸಾಬೂನನ್ನು ತಿಕ್ಕಿ ತೂತು ಮುಚ್ಚುತ್ತಿದ್ದ. ರೇಡಿಯೇಟರ್ ಸೋರಿದರೆ ಡಬ್ಬಿಯ ಅರಿಶಿನ ಮಾಯವಾಗುತ್ತಿತ್ತು. ಒಳಗಿನ ಕಟ್ಟಿಗೆಯ ಹಲಗೆಗೆ ಕುಸುಬಿ ಎಣ್ಣೆ ಹಚ್ಚಿ ಒರೆಸುತ್ತಿದ್ದ. ನಮ್ಮ ತಲೆಗೆ ಎಣ್ಣೆ ಸಾಲದಿದ್ದರೂ ಅದು ಫಳಫಳ ಹೊಳೆಯುತ್ತಿತ್ತು. ಬೇಸಿಗೆಯಲ್ಲಿ ಪೆಟ್ರೋಲ್ ಪಂಪು ಕಾದರೆ ಅದರ ಮೇಲೆ ಒದ್ದೆ ಬಟ್ಟೆ ಹಾಕಬೇಕು. ಆ ಬಟ್ಟೆ ಅತ್ತೆಯ ಸೀರೆಯಿಂದಲೇ ಹರಿದದ್ದಾಗಿರುತ್ತಿತ್ತು. "ನನಗ ಜ್ವರಾ ಬಂದಾಗ ಹಣಿ ಮ್ಯಾಲ ಒಂದು ಅರಿವಿ ಹಾಕಿಲ್ಲ ಈ ಮನುಷ್ಯಾ" ಎಂದು ಅವಳು ಅವ್ವನ ಮುಂದೆ ಹೇಳಿಕೊಳ್ಳುತ್ತಿದ್ದಳು.

ನಟ್ಟು ತಿರುಗಿಸುವ ಪಾನಾಗಳದ್ದು ಬೇರೆ ಕಥೆ. ಊರಿನ ಎಲ್ಲ ನಟ್ಟುಗಳೂ ಒಂದು ಅಳತೆ, ವಿಲಾಯತಿ ನಟ್ಟುಗಳು ಇನ್ನೊಂದು ಅಳತೆ. ಅದಕ್ಕೆ ಹೊಂದುವ ಪಾನಾ ಹುಡುಕುತ್ತ ಮಾಮಾ ಹೈದರಾಬಾದಿನ ಹಳೇ ಕಬ್ಬಿಣದ ಬಜಾರೆಲ್ಲ ತಿರುಗುತ್ತಿದ್ದ. ಮದುವೆಗೆ ಬಟ್ಟೆ ತರಲು ಹೋದವನು ಒಂದು ಗೇರಿನ ಹಲ್ಲುಗಾಲಿಯನ್ನು ಕಾಗದದಲ್ಲಿ ಸುತ್ತಿಕೊಂಡು ಬಂದದ್ದೂ ಉಂಟು. ಹುಮನಾಬಾದಿನ ಗ್ಯಾರೇಜಿನ ಉಸ್ತಾದ ಮೊದಮೊದಲು ಗಾಡಿಯ ಕೆಳಗೆ ಹೋಗಿ ಮಲಗುತ್ತಿದ್ದ. ಆಮೇಲಾಮೇಲೆ ದೂರದಿಂದಲೇ ಕೈ ಎತ್ತಿಬಿಡುತ್ತಿದ್ದ. "ಶೇಟಜೀ, ದವಾ ಎಲ್ಲಾ ಮುಗದದ. ಇನ್ನ ದುವಾ ಮಾಡ್ತೀನಿ" ಎಂದರೆ ಔಷಧಿ ತೀರಿ ಪ್ರಾರ್ಥನೆಯೊಂದೇ ಉಳಿಯಿತು, ಅವತ್ತಿನ ರಿಪೇರಿ ಮುಗಿದಂತೆ.

ಗಾಡಿಗೆ ತಿರುಗುವ ದಿಕ್ಕು ತೋರಿಸಲು ದೀಪವಿರಲಿಲ್ಲ. ಬಾಗಿಲ ಪಕ್ಕದಿಂದ ಒಂದು ಪುಟ್ಟ ಕೈ ಟಣ್ಣನೆ ಹೊರಗೆ ಬರುತ್ತಿತ್ತು. ಬರುವುದೇನೋ ಬರುತ್ತಿತ್ತು, ಒಳಗೆ ಹೋಗಲು ಒಲ್ಲೆ ಎನ್ನುತ್ತಿತ್ತು. ಒಂದು ದಿನ ಕಲ್ಯಾಣದಿಂದ ಹುಮನಾಬಾದಿನ ತನಕ ಆ ಕೈ ಚಾಚಿಕೊಂಡೇ ಇತ್ತು. ಎದುರು ಬಂದ ಟಾಂಗಾದವರು, ಎತ್ತಿನ ಬಂಡಿಯವರು, ಘಾಟಬೋರಾಳದ ರೈತರು ಎಲ್ಲರೂ ಅದು ತಮಗೇ ಮಾಡಿದ ಸಲಾಮು ಎಂದು ತಿಳಿದು ತಿರುಗಿ ಸಲಾಮು ಹೊಡೆದರು. ಮಾಮಾ ದಾರಿಯುದ್ದಕ್ಕೂ ತಲೆ ಬಾಗಿಸಿ ಸ್ವೀಕರಿಸಿದ. ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾನೆಂದು ಊರಲ್ಲಿ ಸುದ್ದಿಯಾಯಿತು!

ಮಾಮಾನಿಗೆ ಹುಮನಾಬಾದಿನಲ್ಲಿ ಕಾಳಿನ ಅಡತಿ ಅಂಗಡಿ ಇತ್ತು. ಅರ್ಜೆಂಟ್ ಇದ್ದ ದಿನ ಬಸ್ಸಿನಲ್ಲಿ ಹೋಗುತ್ತಿದ್ದ, ಪುರುಸೊತ್ತಿದ್ದ ದಿನ ಗಾಡಿಯಲ್ಲಿ. ಯಾಕೆಂದರೆ ಆ ಗಾಡಿ ಸೆಲ್ಫ್ ಎಳೆದರೆ ಕೆಮ್ಮುತ್ತಿತ್ತೇ ಹೊರತು ಚಾಲೂ ಆಗುತ್ತಿರಲಿಲ್ಲ. ಧಕ್ಕಾ ಬೇಕು. ಧಕ್ಕಾ ಎಂದರೆ ನಾಲ್ಕು ಜನ ಹಿಂದೆ ನಿಂತು, ಡಿಕ್ಕಿಗೆ ಕೈ ಕೊಟ್ಟು ನೂಕುವುದು. ನಮ್ಮ ಓಣಿಯಲ್ಲಿ ಗಂಡಸರು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಕಿಟಕಿಯಿಂದ ಇಣುಕಿ, ಗಾಡಿ ಹೋಗಿದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ನನ್ನ ಮದುವೆ ಆ ಗಾಡಿಯ ಕೈಗೆ ಸಿಕ್ಕಿಬಿತ್ತು. ಹೆಣ್ಣು ನೋಡಲು ಬರುವವರನ್ನು ಹುಮನಾಬಾದಿನ ಬಸ್ ಸ್ಟ್ಯಾಂಡಿನಿಂದ ತಾನೇ ಕರೆತರಬೇಕೆಂದು ಮಾಮಾನ ಹಟ. ಮೊದಲ ಸಲ ಬಂದ ಹುಡುಗನ ತಂದೆ ಬಿಳಿ ಧೋತರ ಉಟ್ಟಿದ್ದರು. ಇಳಿದಾಗ ಗಾಡಿಯ ಎಣ್ಣೆ ಮಸಿ ಹತ್ತಿ ಅದರ ಅರ್ಧ ಕಪ್ಪಾಗಿತ್ತು. ಅವಲಕ್ಕಿ ಕೂಡ ಮುಟ್ಟದೆ ಹೋದರು. ಎರಡನೆಯ ಸಲ ಗಾಡಿ ದಾರಿಯಲ್ಲಿ ನಿಂತಾಗ ಹುಡುಗ ಇಳಿಯದೆ ಕುಳಿತು, "ಯಾರರ ಆಳಿನ್ನ ಕರೀರಿ" ಎಂದನಂತೆ. ಮಾಮಾ ಹೇಗೋ ಗಾಡಿ ಚಾಲೂ ಮಾಡಿ, ಅದನ್ನು ತಿರುಗಿಸಿ, ಅವರನ್ನು ಮತ್ತೆ ಬಸ್ ಸ್ಟ್ಯಾಂಡಿಗೇ ಬಿಟ್ಟು ಬಂದ! ನಾನು ಜರಿ ಸೀರೆ ಉಟ್ಟುಕೊಂಡು ಸಂಜೆಯ ತನಕ ಕುಳಿತಿದ್ದೆ. ಅವ್ವ ಅಳುತ್ತ, "ನಿನ್ನ ಗಾಡಿ ನನ್ನ ಮಗಳಿನ್ನ ಮನ್ಯಾಗ ಕೂಡಸ್ತದ ನೋಡು" ಎಂದಳು.

ಮೂರನೆಯ ಸಂಬಂಧ ಗೋಡೆಯಾಚೆಯಿಂದಲೇ ಬಂತು. ಆಗ ನಾವು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಅತ್ತ ಕಡೆಯ ನೌಕರರು ನಮ್ಮಲ್ಲಿಗೆ ವರ್ಗವಾಗಿ ಬರುತ್ತಿದ್ದರು. ಪಕ್ಕದ ಮನೆಗೆ ಹೊಸದಾಗಿ ಬಂದ ಸಾಹೇಬರು ತಮ್ಮ ಅಕ್ಕನ ಮಗನಿಗೆ ನನ್ನನ್ನು ಕೇಳಿದರು. ಫೋಟೋ ತೋರಿಸಿದರು. ನಾನು ನೋಡಲಿಲ್ಲವೆಂದು ಹೇಳಿ, ಚೆನ್ನಾಗಿ ನೋಡಿದ್ದೆ. ಈ ಸಂಬಂಧ ತಪ್ಪಬಾರದು ಎಂದು ಮನಸ್ಸಿನಲ್ಲಿ ಅಂದುಕೊಂಡೂ ಆಗಿತ್ತು.

"ಈ ಸರ್ತಿ ಬಸ್ಸಿನಾಗ ಬರ್ಲಿ" ಎಂದು ಅವ್ವ ಕೈ ಮುಗಿದಳು. ಮಾಮಾ ಕೇಳುತ್ತಾನೆಯೇ? ಒಂದು ವಾರ ಗಾಡಿಯ ಕೆಳಗೇ ಸಂಸಾರ ಮಾಡಿದ. ಮನೆಯಲ್ಲಿದ್ದ ಕೊನೆಯ ಸಾಬೂನನ್ನೂ ಟಾಕಿಗೆ ತಿಕ್ಕಿ, ಹುಡುಗನನ್ನೂ ಅವನ ತಾಯಿಯನ್ನೂ ಕರೆತರಲು ಹುಮನಾಬಾದಿಗೆ ಹೊರಟ. ಸಾಹೇಬರು ನಮ್ಮ ಪಡಸಾಲೆಯಲ್ಲಿ ಕಾಯುತ್ತ ಕುಳಿತರು.

ಮಧ್ಯಾಹ್ನ ರಾಜೇಶ್ವರದ ಹಾಲಿನವನು ಸೈಕಲ್ ಮೇಲೆ ಬಂದು ಬಾಗಿಲಲ್ಲಿ ನಿಂತ. "ನಮ್ಮೂರ ಹತ್ತಿರ ನಿಮ್ಮ ಗಾಡಿ ನಿಂತದ್ರಿ. ಧಕ್ಕಾ ಆಗಾಕತ್ತದ. ಬರೂದು ತಡಾ ಆಗ್ತದ ಅಂತ ಹೇಳ್ಯಾರ."

"ಹೌದಾ, ಹಂಗಾದ್ರ ಭಜಿ ಆಮ್ಯಾಲ ಕರೀತೀನಿ" ಎಂದು ಅತ್ತೆ ಒಲೆ ಸಣ್ಣ ಮಾಡಿದಳು.

ಸಾಹೇಬರು ಎದ್ದು ನಿಂತರು. "ಧಕ್ಕೆಯಾ? ತುಂಬಾ ಧಕ್ಕೆಯಾಗಿದೆಯಾ?"

"ಜೋರ ಧಕ್ಕಾ ಅದ್ರಿ."

"ಹುಡುಗ? ನಮ್ಮ ಹುಡುಗ ಎಲ್ಲಿದ್ದಾನೆ?"

"ಡಿಕ್ಕಿ ಹತ್ತಿರ ಅದಾರ್ರಿ."

"ಡಿಕ್ಕಿ! ಅಯ್ಯೋ, ನಮ್ಮ ಅಕ್ಕ?"

"ತಲಿ ಮ್ಯಾಲ ಸೆರಗ ಹಾಕ್ಕೊಂಡು ರಸ್ತಾದ ಬಾಜೂಕ ಕುಂತಾರ್ರಿ."

ಸಾಹೇಬರು ಅಲ್ಲೇ ನೆಲದ ಮೇಲೆ ಕುಸಿದರು. ಅತ್ತೆ ಚಹಾದ ಬಟ್ಟಲು ಮುಂದಿಟ್ಟು, "ಇದಕ್ಕೆಲ್ಲಾ ಯಾಕ ಗಾಬ್ರಿ ಆಗ್ತೀರಿ? ನಮ್ಮಲ್ಲಿ ದಿನಾ ಆಗ್ತದ್ರಿ" ಎಂದು ಸಮಾಧಾನ ಮಾಡಿದಳು. "ದಿನಾನಾ?" ಎಂದು ಅವರು ಬಟ್ಟಲನ್ನು ಹಿಂದಕ್ಕೆ ಸರಿಸಿದರು. ನಮಗೆ ನೂಕುವುದು ಧಕ್ಕಾ, ಗಾಡಿಯ ಹಿಂದಿನ ಪೆಟ್ಟಿಗೆ ಡಿಕ್ಕಿ. ಅವರ ಊರಲ್ಲಿ ಧಕ್ಕೆ ಎಂದರೆ ಅನಾಹುತ, ಡಿಕ್ಕಿ ಎಂದರೆ ಗಾಡಿಗೆ ಗಾಡಿ ಬಡಿಯುವುದು ಎಂದು ಆ ಗಳಿಗೆಯಲ್ಲಿ ತಿಳಿಸಿ ಹೇಳುವವರು ಯಾರು? ಹಾಲಿನವನು ಸೈಕಲ್ ತಿರುಗಿಸಿಕೊಂಡು ಹೋಗಿಯಾಗಿತ್ತು. ಸಾಹೇಬರ ಮುಖ ನೋಡಿ ನನಗೂ ಹೆದರಿಕೆ ಹತ್ತಿತು. ಫೋಟೋದಲ್ಲಿದ್ದ ಆ ಮುಖಕ್ಕೆ ಏನಾದರೂ ಆಗಿದ್ದರೆ? ನಾನು ಒಳಗೆ ಹೋಗಿ ದೇವರ ಮುಂದೆ ನಿಂತೆ.

ಆಮೇಲೆ ಓಣಿಯ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಗಾಡಿ ಬಂತು. ಮಾಮಾ ಸ್ಟೇರಿಂಗ್ ಹಿಡಿದು ಕುಳಿತಿದ್ದ, ತಾಯಿ ಹಿಂದಿನ ಸೀಟಿನಲ್ಲಿದ್ದರು, ತಿರುವಿನಲ್ಲಿ ಮತ್ತೆ ನಿಂತ ಅದನ್ನು ಹುಡುಗ ಅಂಗಿಯ ತೋಳು ಮಡಚಿಕೊಂಡು ಹಿಂದಿನಿಂದ ನೂಕುತ್ತ ನಗುತ್ತಿದ್ದ. ಸಾಹೇಬರು ಚಪ್ಪಲಿಯನ್ನೂ ಮೆಟ್ಟದೆ ಓಡಿಹೋಗಿ ಅವನನ್ನು ತಬ್ಬಿಕೊಂಡರು. "ಸದ್ಯ! ಸದ್ಯ!" ಎಂದು ಎರಡು ಸಲ ಹೇಳಿದರು, ಕಣ್ಣಲ್ಲಿ ನೀರು.

ಅವರ ಕಡೆ ಬದುಕಿದೆವು ಎನ್ನುವುದಕ್ಕೆ ಸದ್ಯ ಎನ್ನುತ್ತಾರಂತೆ. ನಮಗೇನು ಗೊತ್ತು? ನಮ್ಮಲ್ಲಿ ಸದ್ಯಾ ಎಂದರೆ ಈಗ, ಈ ಕ್ಷಣ. ಅತ್ತೆ ಬಾಗಿಲಲ್ಲೇ ನಿಂತು ಗಾಬರಿಯಾದಳು. "ಸದ್ಯಾ ಅಂದ್ರ ಹ್ಯಾಂಗ್ರಿ, ಸಾಹೇಬ್ರ? ಮದುವಿ ಅಂದ್ರ ತಯಾರಿ ಬ್ಯಾಡೇನು? ಒಂದು ತಿಂಗಳರ ಟೈಮ್ ಕೊಡ್ರಿ."

ಹುಡುಗನ ತಾಯಿ ಗಾಡಿಯಿಂದ ಇಳಿಯುತ್ತ ಸೊಂಟ ಹಿಡಿದುಕೊಂಡು ನಕ್ಕರು. "ಹೆಣ್ಣೇ ನೋಡಿಲ್ಲವಲ್ಲಮ್ಮ ಇನ್ನೂ. ಆಗಲಿ, ಒಂದು ತಿಂಗಳು ತಗೊಳ್ಳಿ" ಎಂದುಬಿಟ್ಟರು. ಅವ್ವನ ಮುಖ ನೋಡಬೇಕಿತ್ತು. ನನ್ನ ಮದುವೆ ಹೀಗೆ ಎರಡು ಕನ್ನಡಗಳ ನಡುವೆ ಜಾರಿಬಿದ್ದು ನಿಶ್ಚಯವಾಯಿತು. ಅಂದು ಹಗುರಾದಂತೆ ನಮ್ಮ ಮನೆ ಹಿಂದೆಂದೂ ಹಗುರಾಗಿರಲಿಲ್ಲ. ಅತ್ತೆ ಭಜಿ ಕರಿದಳು, ಸಾಹೇಬರು ಒಂದು ತಟ್ಟೆ ಮುಗಿಸಿ ಇನ್ನೊಂದು ಕೇಳಿದರು.

ಹಿತ್ತಲಲ್ಲಿ ಕರಿ ಕೈ ಮುಂದೆ ಚಾಚಿ ಹುಡುಗ ನನ್ನನ್ನು ಕೇಳಿದ. "ಸೋಪು ಇದೆಯಾ?"

"ಸಾಬೂನು ಗಾಡಿಗಿ ಹಚ್ಚೇದ್ರಿ" ಎಂದೆ. ನಾವಿಬ್ಬರೂ ಆಡಿದ ಮೊದಲ ಮಾತು ಇದು. ಅವರು ಬೂದಿಯಲ್ಲಿ ಕೈ ತಿಕ್ಕಿಕೊಂಡರು.

ಮದುವೆ ಮುಗಿದು ನಾನು ಹೊರಡುವ ದಿನ ಬೆಳಿಗ್ಗೆ ಹುಮನಾಬಾದಿನ ಬಸ್ಸಿಗೆ ನಮ್ಮನ್ನು ಬಿಡಲು ಮಾಮಾ ಗಾಡಿ ಹೊರಗೆ ತೆಗೆಸಿದ. ಓಣಿಯ ಗಂಡಸರೆಲ್ಲ ಯಾರೂ ಕರೆಯದೆ ಬಂದು ಡಿಕ್ಕಿಯ ಹಿಂದೆ ನಿಂತರು. ನನ್ನವರೂ ತೋಳು ಮಡಚಿ ಅವರ ನಡುವೆ ಸೇರಿಕೊಂಡರು. ನಾನು ಮಡಿಲಲ್ಲಿ ಅಕ್ಕಿ ತುಂಬಿಸಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತೆ. ಮಾಮಾ ರೂಢಿಯಂತೆ ಸುಮ್ಮನೆ ಸೆಲ್ಫ್ ಎಳೆದ.

ಗಾಡಿ ಚಾಲೂ ಆಯಿತು! ಒಂದೇ ಸಲಕ್ಕೆ, ಕೆಮ್ಮದೆ, ಹೊಸ ಗಾಡಿಯ ಹಾಗೆ. ಹಿಂದೆ ನಿಂತವರು ಹೋ ಎಂದು ಕೂಗಿದರು. ಮಾಮಾ ಮಾತ್ರ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಆ ಸದ್ದು ಕೇಳುತ್ತ ಕುಳಿತ. ಆಮೇಲೆ ಗಾಡಿ ಬಂದ್ ಆಯಿತು.

"ಮತ್ತ ನಿಂತ್ಬಿಡ್ತು ನೋಡ್ರಿ" ಎಂದು ಅವನು ಕೆಳಗಿಳಿದ. "ಬ್ಯಾಟರಿ ಇಳದದ ಕಾಣ್ತದ. ಈಗ ಧಕ್ಕಾದಿಂದ ಆಗೂದಲ್ಲ. ಎಲ್ಲಾರೂ ಒಳಗ ನಡೀರಿ, ಚಾ ಕುಡೀರಿ, ತಾಸರ ಹತ್ತತದ." ಎಲ್ಲರೂ ನಗುತ್ತ ಒಳಗೆ ಹೋದರು. ಅವನ ಕೈ ಚಾವಿ ತಿರುಗಿಸಿ ಗಾಡಿ ನಿಲ್ಲಿಸಿದ್ದನ್ನು ಹಿಂದೆ ಕುಳಿತಿದ್ದ ನಾನೊಬ್ಬಳೇ ನೋಡಿದ್ದೆ.

ನಾನು ಇಳಿದು ಹೋದೆ. ಮಾಮಾ ಬಾನೆಟ್ ಎತ್ತಿ ತಲೆ ಒಳಗಿಟ್ಟುಕೊಂಡು ನಿಂತಿದ್ದ. ಕೈಯಲ್ಲಿ ಪಾನಾ ಇರಲಿಲ್ಲ.

"ಗಾಡಿಗಿ ಏನಾಗ್ಯಾದ, ಮಾಮಾ?"

"ಗಾಡಿಗಿ ಏನೂ ಆಗಿಲ್ಲವ್ವಾ" ಎಂದ, ತಲೆ ಎತ್ತದೆ. "ಧಕ್ಕಾ ನನಗ ಆಗ್ಯಾದ."

ನಾನು ಪಕ್ಕದಲ್ಲಿ ನಿಂತು ಅವನ ತೋಳು ಹಿಡಿದುಕೊಂಡೆ. ಒಳಗೆ ಅತ್ತೆ ಎರಡನೆಯ ಸಲ ಚಹಾ ಇಟ್ಟಳು, ನಂತರ ಅಡುಗೆಗೇ ಇಟ್ಟಳು. ಹುಮನಾಬಾದಿನ ಬಸ್ಸು ಅಂದು ನಮ್ಮನ್ನು ಬಿಟ್ಟು ಹೋಯಿತು. ಸದ್ಯ.