ಒಂಬೈನೂರ ತೊಂಬತ್ತೊಂಬತ್ತು ಆಟಗಳ ಹಾಜರಿ

ಗೌತಮ ಮಾಸ್ತರರು ೧೯೯೮ರ ಮೇ ತಿಂಗಳ ಮೊದಲ ಸೋಮವಾರ ಒಂದು ಘೋರ ಪ್ರತಿಜ್ಞೆ ಮಾಡಿದರು. ಕಾಲಿನ ಪ್ಲಾಸ್ಟರ್ ಬಿಚ್ಚುವ ತನಕ ಮಗಳು ಸೃಷ್ಟಿಗೆ ಒಂದು ಗಳಿಗೆಯೂ ಬೇಸರ ಆಗಕೂಡದು! ಬೈರಿದೇವರಕೊಪ್ಪದ ಮನೆಯ ಪಡಸಾಲೆಯಲ್ಲಿ ನಿಂತು, ಎಡಗೈ ಸೊಂಟದ ಮೇಲಿಟ್ಟು, ಬಲಗೈ ಫ್ಯಾನಿನ ಕಡೆ ಎತ್ತಿ ಅವರು ಈ ಮಾತು ಹೇಳಿದರು. ಫ್ಯಾನು ತಿರುಗುತ್ತಿರಲಿಲ್ಲ. ಕರೆಂಟು ಹೋಗಿ ಒಂದು ತಾಸಾಗಿತ್ತು.

"ಕೈ ಇಳಸ್ರಿ," ಎಂದಳು ಹೆಂಡತಿ ಪ್ರಭಾವತಿ. "ನೀವು ಕೈ ಎತ್ತಿದ್ರ ಯಾರದರ ಕಾಲ ಮುರೀತೈತಿ."

ಮಾಸ್ತರರ ಎದೆ ಧಸಕ್ಕೆಂದಿತು. ಆದರೆ ಅವಳು ಸರಕಾರಿ ದವಾಖಾನೆಯ ನರ್ಸಬಾಯಿ. ಮುರಿದ ಕೈಕಾಲುಗಳ ನಡುವೆಯೇ ದಿನ ಕಳೆಯುವ ಹೆಂಗಸು ಮಾತಿಗೆ ಒಂದು ಮಾತು ಅಂದಿರಬೇಕು ಎಂದು ಸಮಾಧಾನ ಮಾಡಿಕೊಂಡರು.

ಎದೆ ಧಸಕ್ಕೆನ್ನಲು ಕಾರಣ ಇತ್ತು. ಹನ್ನೊಂದು ವರ್ಷದ ಸೃಷ್ಟಿ ಧಾರವಾಡದ ಖೋಖೋ ಕ್ಯಾಂಪಿಗೆ ಆಯ್ಕೆಯಾಗಿದ್ದಳು. ಅವಳ ಸಾಲೆಯಿಂದ ಆಯ್ಕೆಯಾದವಳು ಅವಳೊಬ್ಬಳೇ. ಮೊದಲನೇ ದಿನ ಮಾಸ್ತರರೇ ಲೂನಾದ ಮೇಲೆ ಕೂರಿಸಿಕೊಂಡು ಹೊರಟರು. ರಾಯಾಪುರ ದಾಟುವ ಹೊತ್ತಿಗೆ ಎಮ್ಮೆ ಅಡ್ಡ ಬಂತು, ಲೂನಾ ಗಟಾರಕ್ಕೆ ಹೋಯಿತು, ಮಾಸ್ತರರ ಮೊಳಕೈ ತರಚಿತು, ಮಗಳ ಎಡಗಾಲಿನ ಎಲುಬು ಮುರಿಯಿತು. ಊರಿಗೆಲ್ಲ ಅವರು ಹೇಳಿದ್ದು ಹೀಗೆ.

ಎಮ್ಮೆ ಬಂದಿರಲಿಲ್ಲ. ಚಿಕ್ಕಂದಿನಲ್ಲಿ ತಾವು ಖೋಖೋ ಕಂಬಕ್ಕೆ ಹೇಗೆ ಹಾರಿ ಬೀಳುತ್ತಿದ್ದರು ಎಂಬುದನ್ನು ಮಗಳಿಗೆ ತೋರಿಸಲು ಮಾಸ್ತರರು ನಡುರಸ್ತೆಯಲ್ಲಿ ಎರಡೂ ಕೈ ಬಿಟ್ಟು ಮೇಲಕ್ಕೆತ್ತಿದ್ದರು. ಲೂನಾ ತನಗೆ ತಿಳಿದ ದಾರಿ ಹಿಡಿಯಿತು. ಇದು ಗೊತ್ತಿದ್ದದ್ದು ಅಪ್ಪ ಮಗಳು ಇಬ್ಬರಿಗೇ. ದವಾಖಾನೆಯಲ್ಲಿ ಪ್ರಭಾವತಿ ಓಡಿ ಬಂದು ಏನಾಯಿತೆಂದು ಕೇಳಿದಾಗ ಮಾಸ್ತರರ ಬಾಯಿಗೆ ಎಮ್ಮೆ ತಾನಾಗಿಯೇ ಬಂತು. ಸೃಷ್ಟಿ ಅಪ್ಪನನ್ನು ಒಂದು ಸಲ ನೋಡಿದಳು, ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು. ಅಂದಿನಿಂದ ಅವಳ ಮಾತು ಮೂರಕ್ಕೆ ಇಳಿದಿತ್ತು: "ಹೂಂ", "ಬ್ಯಾಡ", "ಆತು".

ಮಗಳ ಆ ಮೌನ ಮಾಸ್ತರರನ್ನು ಒಳಗೊಳಗೇ ತಿನ್ನುತ್ತಿತ್ತು. ಬೈದರೆ ಬೈಸಿಕೊಳ್ಳಬಹುದು, ಅತ್ತರೆ ಸಂತೈಸಬಹುದು, ಸುಮ್ಮನಿದ್ದರೆ ಏನು ಮಾಡುವುದು? ಯಾರಾದರೂ ಕಾಲಿನ ವಿಷಯ ಎತ್ತಿದರೆ ಸಾಕು, ಅವರು ಗಾಬರಿಬಿದ್ದು ಎಮ್ಮೆಯ ಕತೆ ಶುರುಮಾಡುತ್ತಿದ್ದರು. ಹೇಳಿದ ಹಾಗೆಲ್ಲ ಕತೆ ಮೈತುಂಬಿಕೊಳ್ಳುತ್ತಿತ್ತು. ದವಾಖಾನೆಯಲ್ಲಿ ಒಂದೇ ಎಮ್ಮೆ. ಓಣಿಯಲ್ಲಿ ಹೇಳುವಾಗ ಎರಡು. ಪಕ್ಕದ ಮನೆಯ ದೇವಕ್ಕಜ್ಜಿ ವಿಚಾರಿಸಲು ಬಂದಾಗ ಐದು ಎಮ್ಮೆಗಳು ರಸ್ತೆಯ ಎರಡೂ ಬದಿಯಿಂದ ಮಾಸ್ತರರನ್ನು ಮುತ್ತಿದವು.

ಪ್ರತಿಜ್ಞೆಯ ಮರುದಿನ ಅವರು ಹುಬ್ಬಳ್ಳಿ ಪೇಟೆಗೆ ಹೋಗಿ ಟಿವಿಗೆ ಜೋಡಿಸುವ ವಿಡಿಯೋ ಗೇಮ್ ತಂದರು. ಜೊತೆಗೆ ಒಂದು ಹಳದಿ ಕ್ಯಾಸೆಟ್. ಅದರ ಡಬ್ಬಿಯ ಮೇಲೆ ವಿಮಾನ, ಹುಲಿ, ರಾಕ್ಷಸ, ಮೋಟಾರ್ ಸೈಕಲ್ ಒಂದರ ಮೇಲೊಂದು ಬಿದ್ದಿದ್ದವು. ಮೇಲೆ ಬೆಂಕಿಯ ಅಕ್ಷರದಲ್ಲಿ ೯೯೯ ಎಂದಿತ್ತು.

"ಖರೇ ಒಂಬೈನೂರ ತೊಂಬತ್ತೊಂಬತ್ತು ಆಟ ಅದಾವೇನ್ರಿ?" ಎಂದು ಅಂಗಡಿಯವನನ್ನು ಕೇಳಿದ್ದರು.

ಗಡ್ಡದ ಆ ತರುಣ ಅವರ ಮುಖವನ್ನೇ ಒಂದು ಕ್ಷಣ ನೋಡಿ, "ಡಬ್ಬಿ ಮ್ಯಾಲೆ ಹಂಗ ಬರದೈತ್ರಿ ಸರ್," ಎಂದಿದ್ದ.

ಮಾಸ್ತರರಿಗೆ ಬರೆದದ್ದರ ಮೇಲೆ ಅಪಾರ ನಂಬಿಕೆ. ಹೆಡ್ ಮಾಸ್ತರಾದ ಮೇಲಂತೂ ಅವರ ಹಾಜರಿ ಪುಸ್ತಕದಲ್ಲಿ ಒಂದು ಗೀರು, ಒಂದು ತಿದ್ದುಪಡಿ ಇರಲಿಲ್ಲ. "ಹಾಜರಿ ಪುಸ್ತಕ ಸುಳ್ಳ ಹೇಳೂದಿಲ್ಲ" ಎಂಬುದು ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುವ ಮಾತು. ಮನೆಗೆ ಬಂದವರೇ ಲೆಕ್ಕ ಹಾಕಿದರು. ಪ್ಲಾಸ್ಟರ್ ಬಿಚ್ಚಲು ಇನ್ನೂ ನಲವತ್ತೈದು ದಿನ. ದಿನಕ್ಕೆ ಇಪ್ಪತ್ತೆರಡು ಆಟ ಹಿಡಿದರೆ ಒಂಬೈನೂರ ತೊಂಬತ್ತು. ಉಳಿದ ಒಂಬತ್ತನ್ನು ಪ್ಲಾಸ್ಟರ್ ಬಿಚ್ಚುವ ದಿನ ಸಿಹಿಯೂಟದ ಜೊತೆ ಆಡುವುದು.

"ಅಪ್ಪಾ, ಖರೇನ ಅಷ್ಟ ಆಟ ಅದಾವ?" ಎಂದಳು ಸೃಷ್ಟಿ.

ವಾರದಲ್ಲಿ ಅವಳ ಮೊದಲ ಪೂರ್ತಿ ವಾಕ್ಯ! ಮಾಸ್ತರರ ಕಣ್ಣು ತುಂಬಿ ಬಂತು. "ಒಂದರಂಗ ಇನ್ನೊಂದು ಇರೂದಿಲ್ಲ. ಇದು ನಿಮ್ಮಪ್ಪನ ಮಾತು," ಎಂದು ಬಿಟ್ಟರು. ಕೇಳಿದ್ದು ಒಂದು ಪ್ರಶ್ನೆ, ಕೊಟ್ಟದ್ದು ತಮ್ಮ ಮಾನ. ಅವರ ಸ್ವಭಾವವೇ ಹಾಗೆ.

ಸಾಲೆಯಲ್ಲಿ ಉಳಿದಿದ್ದ ಒಂದು ಖಾಲಿ ಹಾಜರಿ ಪುಸ್ತಕ ಹೊರಬಂತು. ಒಂದರಿಂದ ಒಂಬೈನೂರ ತೊಂಬತ್ತೊಂಬತ್ತರ ತನಕ ಕೆಂಪು ಶಾಯಿಯಲ್ಲಿ ನಂಬರು ಬಿದ್ದವು. ಮಾಸ್ತರರು ನಂಬರು ಕೂಗುವುದು, ಸೃಷ್ಟಿ ಗುಂಡಿ ಒತ್ತುವುದು, ಆಟ ಪರದೆಯ ಮೇಲೆ ಬಂದ ಕೂಡಲೇ ಪುಸ್ತಕದಲ್ಲಿ "ಹಾಜರ" ಎಂದು ಬರೆಯುವುದು. ಆದರೆ ಪ್ರತಿ ಆಟವನ್ನೂ ಮೊದಲು ತಾವು ಪರೀಕ್ಷಿಸಬೇಕೆಂದು ಹಟ ಹಿಡಿದರು. ಟೊಪ್ಪಿಗೆಯ ಮನುಷ್ಯನೊಬ್ಬ ಇಟ್ಟಂಗಿಯ ಗೋಡೆ ಹಾರುವ ಆಟ ಬಂದರೆ ಅವನ ಜೊತೆ ಇವರೂ ಸ್ಟೂಲಿನ ಮೇಲೆ ಹಾರುವರು. ಮನುಷ್ಯ ತಗ್ಗಿಗೆ ಬಿದ್ದರೆ ಇವರು "ಅಯ್ಯಯ್ಯ" ಎನ್ನುವರು. ಅವನು ಬೀಳದೆ ದಾಟಿದ್ದನ್ನು ಆ ಮನೆಯಲ್ಲಿ ಯಾರೂ ನೋಡಲಿಲ್ಲ.

"ಹುಡುಗಿ ಕೈಗೆ ಒಂದೀಟ ಕೊಡ್ರಿ," ಎಂದಳು ಪ್ರಭಾವತಿ. "ಮುರದದ್ದು ಅಕಿ ಕಾಲು. ಕೈ ಚಲೋ ಅದಾವ."

ಎರಡು ದಿನ ಹೀಗೆ ಸಾಗಿತು. ಸೃಷ್ಟಿ ಮತ್ತೆ "ಹೂಂ"ಗೆ ಇಳಿದಿದ್ದಳು. ಹೊಸ ಆಟಗಳು ಬರಲಿ, ತಾನೇ ಸರಿಹೋಗುತ್ತಾಳೆ ಎಂದು ಮಾಸ್ತರರು ತಮಗೆ ತಾವೇ ಹೇಳಿಕೊಂಡರು. ಬಾಗಿಲು ಕಿಟಕಿ ತೆರೆದಿದ್ದರೂ ಒಳಗೆ ಬಿಸಿಗಾಳಿ. ಹೊರಗೆ ಓಣಿಯ ಹುಡುಗಿಯರು ಖೋಖೋ ಆಡುವ ಸದ್ದು ಕೇಳಿದಾಗಲೆಲ್ಲ ಅವರು ಟಿವಿಯ ದನಿ ಏರಿಸುತ್ತಿದ್ದರು.

ಮೂರನೇ ದಿನ ದೇವಕ್ಕಜ್ಜಿ ಬಂದು ಟಿವಿಯ ಮುಂದೆ ಕೂತಳು. ಅಜ್ಜಿಗೆ ಓದುಬರಹ ಬರುವುದಿಲ್ಲ, ಕಣ್ಣಿಗೆ ಪೊರೆ ಬೇರೆ. ಎಲೆಯಡಿಕೆ ಮೆಲ್ಲುತ್ತ ಒಂದು ತಾಸು ನೋಡಿದಳು.

"ಮಾಸ್ತರ, ಈ ಟೊಪ್ಪಿಗಿ ಮನಷ್ಯಾ ಆಗಳೇ ಬಂದು ಹೋಗಿದ್ದನಲ್ಲ?"

"ಅಂವ ಬ್ಯಾರೆ, ಇಂವ ಬ್ಯಾರೆ ಅಜ್ಜಿ. ಅಂವ ನಂಬರ್ ಐವತ್ತು. ಇಂವ ಐವತ್ತೇಳು."

"ನಂಬರ ನನಗ ತಿಳಿಯೂದಿಲ್ಲಪಾ. ಅಂಗಿ ಬದಲಿ ಮಾಡ್ಯಾನ, ಮನಷ್ಯಾ ಅಂವನ."

ಮಾಸ್ತರರು ನಕ್ಕರು. ನಗುವಷ್ಟರಲ್ಲೇ ಮನಸ್ಸಿನಲ್ಲಿ ಏನೋ ಕುಸಿದ ಹಾಗಾಯಿತು. ಅಜ್ಜಿ ಎದ್ದು ಹೋದ ಮೇಲೆ ಪುಸ್ತಕ ಮುಂದಿಟ್ಟುಕೊಂಡು ಖುದ್ದಾಗಿ ಹಾಜರಿಗೆ ಕೂತರು. ನಂಬರ್ ಒಂದು: ಕೆಂಪು ಅಂಗಿಯ ಟೊಪ್ಪಿಗೆ ಮನುಷ್ಯ. ಎಂಟು: ಅದೇ ಮನುಷ್ಯ, ಹಸಿರು ಅಂಗಿ. ಹದಿನೈದು: ಅದೇ ಮನುಷ್ಯ, ಆಟದ ನಟ್ಟನಡುವಿನಿಂದ ಶುರು. ಎರಡು ಟ್ಯಾಂಕು, ಒಂಬತ್ತೂ ಟ್ಯಾಂಕು, ಹದಿನಾರೂ ಟ್ಯಾಂಕು. ಮುನ್ನೂರಕ್ಕೆ ಹಾರಿದರು, ಆರುನೂರಕ್ಕೆ ಹಾರಿದರು. ಹುಲಿ ಎಲ್ಲಿಯೂ ಇರಲಿಲ್ಲ, ರಾಕ್ಷಸ ಇರಲಿಲ್ಲ. ಕೊನೆಗೆ ದೇವರ ಮೇಲೆ ಭಾರ ಹಾಕುವವರಂತೆ ಒಂಬೈನೂರ ತೊಂಬತ್ತೊಂಬತ್ತನ್ನು ಒತ್ತಿದರು. ಕಪ್ಪು ಪರದೆಯ ಮೇಲೆ ಒಂದು ಟ್ಯಾಂಕು ಮೆಲ್ಲಗೆ ಬಂದು ನಿಂತಿತು.

ಇದ್ದದ್ದು ಒಟ್ಟು ಏಳೇ ಆಟ.

"ಅಪ್ಪಾ, ಸಾಕು," ಎಂದಳು ಸೃಷ್ಟಿ ಮೆಲ್ಲಗೆ. ಮಾಸ್ತರರು ಅವಳ ಮುಖ ನೋಡಲಿಲ್ಲ. ಒಂದು ಸಲ ಎಮ್ಮೆಯ ಸುಳ್ಳು, ಈಗ ಆಟದ ಸುಳ್ಳು. ಇನ್ನು ಈ ಮಗಳು ತನ್ನ ಮಾತು ಯಾವ ಕಾಲಕ್ಕೂ ನಂಬುವುದಿಲ್ಲ ಎಂದು ಅವರಿಗೆ ಅಳು ಬರುವ ಹಾಗಾಯಿತು. ಅಳು ಬಂದಾಗ ಗಂಡಸರು ಮಾಡುವುದನ್ನೇ ಅವರೂ ಮಾಡಿದರು. ಸಿಟ್ಟಿಗೆದ್ದು ಕ್ಯಾಸೆಟ್ ಕಿತ್ತುಕೊಂಡು ಅಂಗಡಿಗೆ ಹೊರಟರು.

ಮಧ್ಯಾಹ್ನದ ಬಿಸಿಲಿಗೆ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಮಾಸ್ತರರು ಕ್ಯಾಸೆಟ್ಟನ್ನು ಗಾಜಿನ ಕೌಂಟರಿನ ಮೇಲೆ ಇಟ್ಟು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಭಾಷಣ ಬಿಚ್ಚಿದರು.

"ಇದರಾಗ ಇರೂದು ಏಳು ಆಟ. ಅವಕ್ಕ ಅಂಗಿ ಬದಲಿ ಮಾಡಿ, ಟೊಪ್ಪಿಗಿ ಬದಲಿ ಮಾಡಿ ಒಂಬೈನೂರ ತೊಂಬತ್ತೊಂಬತ್ತು ಅಂತ ಹಾಜರಿ ಕೊಡಸ್ಯಾರ. ಮಂದಿ ಕಣ್ಣಾಗ ಮಣ್ಣ ಹಾಕೂದು ಅಂದ್ರ ಇದು. ಹಾಜರಿ ಅಂದ್ರ ಏನಂತ ತಿಳದೀರಿ ನೀವು?"

ಗಡ್ಡದ ತರುಣ ಕೌಂಟರಿನ ಹಿಂದಿನಿಂದ ಬಂದು ಬಗ್ಗಿ ಅವರ ಕಾಲು ಮುಟ್ಟಿದ. "ನಾ ಮಕ್ತುಮಸಾಬ್ರಿ ಸರ್. ನವಲಗುಂದ ಕಡೆ ಹಳ್ಯಾಗ ನಿಮ್ಮ ಕೈಯಾಗ ಕಲತಾಂವ. ಮೊನ್ನೆ ಬಂದಾಗ ಗುರುತು ಹಿಡದಿದ್ದೆ. ಡಬ್ಬಿ ಮ್ಯಾಲೆ ಬರದದ್ದು ಸುಳ್ಳಂತ ಗುರುಗಳಿಗೆ ಹ್ಯಾಂಗ ಹೇಳಬೇಕು ಅಂತ ಬಾಯಿ ಬರಲಿಲ್ಲ."

ಮಾಸ್ತರರ ಸಿಟ್ಟು ಅರ್ಧಕ್ಕಿಳಿಯಿತು. ಶಿಷ್ಯ ಎಂದರೆ ಯಾರಿಗಾದರೂ ಹಾಗೆಯೇ. "ಎಷ್ಟನೇತ್ತದಾಗ, ಯಾವ ಕ್ಲಾಸಿನಾಗ ಇದ್ದಿ?"

"ಎರಡನೇತ್ತ, ಮೂರನೇತ್ತ, ನಾಕನೇತ್ತ."

"ಮೂರೂ ವರ್ಷ ನಾನ ಕಲಿಸಿದೆನೇನು?"

"ವರ್ಷ ಅಲ್ರಿ ಸರ್. ಒಂದ ದಿನದಾಗ. ಇನಸ್ಪೆಕ್ಟರ್ ಸಾಹೇಬ್ರು ಬಂದಿದ್ರಲ್ರಿ, ಅವತ್ತು."

ಮಾಸ್ತರರಿಗೆ ನೆನಪಾಯಿತು. ಇಪ್ಪತ್ತು ವರ್ಷದ ಹಿಂದಿನ ಮಾತು. ಹುಡುಗರ ಸಂಖ್ಯೆ ಕಡಿಮೆಯಾದರೆ ಒಬ್ಬ ಮಾಸ್ತರನನ್ನು ತೆಗೆಯುತ್ತಿದ್ದರು, ಎಲ್ಲರಿಗಿಂತ ಹೊಸಬ ಗೌತಮ ಮಾಸ್ತರರೇ. ಹುಡುಗರೆಲ್ಲ ಹೊಲಕ್ಕೆ ಹೋದ ಸುಗ್ಗಿಯ ಕಾಲ. ಇನಸ್ಪೆಕ್ಟರು ಒಂದು ಕ್ಲಾಸು ನೋಡಿ ಉಪ್ಪಿಟ್ಟು ತಿನ್ನಲು ಕೂತಾಗ, ಆ ಕ್ಲಾಸಿನ ಹುಡುಗರು ಹಿಂದಿನ ಕಿಟಕಿಯಿಂದ ಇಳಿದು ಮುಂದಿನ ಕ್ಲಾಸಿಗೆ ಹತ್ತುತ್ತಿದ್ದರು. ಕಿಟಕಿಯ ಕೆಳಗೆ ನಿಂತು ಟೊಪ್ಪಿಗೆ ಬದಲಿಸುತ್ತಿದ್ದವರು ಗೌತಮ ಮಾಸ್ತರರು.

"ಎರಡನೇತ್ತದಾಗ ಬಿಳೇ ಟೊಪ್ಪಿಗಿ ಹಾಕಿ ನನಗ ಮಕ್ತುಮ ಅಂದ್ರಿ," ಎಂದ ಮಕ್ತುಮಸಾಬ ಬಹಳ ಪ್ರೀತಿಯಿಂದ. "ಮೂರನೇತ್ತದಾಗ ಟೊಪ್ಪಿಗಿ ತಗದು ಶಾಂತಯ್ಯ ಅಂದ್ರಿ. ನಾಕನೇತ್ತದಾಗ ಬೈತಲಿ ಬದಲಿ ಮಾಡಿ ಫಕೀರೇಶ ಅಂದ್ರಿ. ಫಕೀರೇಶ ಆದಾಗ ಹದಿಮೂರರ ಮಗ್ಗಿ ಕೇಳಿದ್ರು, ನನಗ ಬರಲಿಲ್ಲ. ಪಾಪ, ಫಕೀರೇಶನ ಹೆಸರು ಕೆಟ್ಟಿತು."

"ಅದು ಯಾರಿಗೂ ಗೊತ್ತಾಗಲಿಲ್ಲಲ್ಲ," ಎಂದರು ಮಾಸ್ತರರು.

"ಸಾಹೇಬ್ರಿಗೆ ಗೊತ್ತಾಗಿತ್ರಿ. ಹೋಗಬೇಕಾರ ನನ್ನ ಬಾವಿ ಕಟ್ಟಿ ಕಡೆ ಕರದು, ತಮ್ಮಾ, ನೀ ಒಟ್ಟ ಎಷ್ಟು ಮಂದಿ ಇದ್ದೀ ಅಂತ ಕೇಳಿದ್ರು. ನಾ, ಮೂರು ಮಂದಿರಿ ಅಂದೆ. ನಕ್ಕು ಒಂದು ಪೆಪ್ಪರಮೆಂಟ ಕೊಟ್ಟು, ನಿಮ್ಮ ಸಣ್ಣ ಮಾಸ್ತರಗ ಹೇಳಬ್ಯಾಡ, ಹೊಸಾ ಹುಡುಗ, ಅಂಜತಾನ ಅಂದ್ರು."

ಮಾಸ್ತರರು ಸ್ಟೂಲಿನ ಮೇಲೆ ಕೂತರು. ಆ ದಿನದ ಬಗ್ಗೆ ಅವರಿಗೆ ನಾಚಿಕೆ ಇತ್ತು, ಜೊತೆಗೆ ಇನಸ್ಪೆಕ್ಟರನಿಗೇ ತಿಳಿಯದಂತೆ ಮಾಡಿದೆನೆಂಬ ಸಣ್ಣ ಹೆಮ್ಮೆಯೂ ಇತ್ತು. ಈಗ ಹೆಮ್ಮೆ ಹೋಯಿತು, ನಾಚಿಕೆ ಮಾತ್ರ ಉಳಿಯಿತು.

"ಬೇಕಾದ್ರ ಒಂಬತ್ತ ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಕ್ಯಾಸೆಟ್ ಐತ್ರಿ ಸರ್. ಬದಲಿ ಕೊಡತೇನಿ."

"ಅದರಾಗ ಬ್ಯಾರೆ ಆಟ ಅದಾವ?"

"ಇಲ್ರಿ. ಅವ ಏಳು. ಹಾಜರಿ ಅಷ್ಟ ಹೆಚ್ಚು."

ಹಳೆಯ ಕ್ಯಾಸೆಟ್ಟನ್ನೇ ಜೇಬಿಗಿಟ್ಟುಕೊಂಡು, ಎರಡೂ ಕೈಯಿಂದ ಲೂನಾದ ಹ್ಯಾಂಡಲ್ ಬಿಗಿಯಾಗಿ ಹಿಡಿದು ಮಾಸ್ತರರು ಮನೆಗೆ ಬಂದರು. ಒಳಗೆ ಪ್ರಭಾವತಿ ರೊಟ್ಟಿ ಬಡಿಯುತ್ತಿದ್ದಳು. ಸೃಷ್ಟಿ ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದಳು. ಮಾಸ್ತರರು ಅವಳ ಎದುರು ನೆಲದ ಮೇಲೆ ಕೂತರು. ಪೀಠಿಕೆ ಹಾಕಲಿಲ್ಲ, ಕೈ ಎತ್ತಲಿಲ್ಲ.

"ಸೃಷ್ಟಿ, ಅದರಾಗ ಏಳ ಆಟ ಅದಾವ. ನಾ ಹೇಳಿದ್ದು ಸುಳ್ಳಾತು."

"ಗೊತ್ತೈತಿ ಅಪ್ಪಾ. ಮೊದಲನೇ ದಿನಾನ ಗೊತ್ತಾತು. ಎಂಟನೇ ಆಟಕ್ಕ."

"ಮತ್ತ ಯಾಕ ಹೇಳಲಿಲ್ಲ?"

"ಹಾಜರ ಅಂತ ಬರಿಯೂಮುಂದ ನಿನ್ನ ಮಾರಿ ಭಾಳ ಚಲೋ ಕಾಣತಿತ್ತು. ಕಾಲ ಮುರದಾಗಿಂದ ನೀ ನಕ್ಕಿದ್ದಿಲ್ಲ."

ಮಾಸ್ತರರು ಜೇಬಿನಿಂದ ಕ್ಯಾಸೆಟ್ ತೆಗೆದು ನೆಲದ ಮೇಲಿಟ್ಟರು. "ನನ್ನ ಮ್ಯಾಲೆ ಸಿಟ್ಟ ಇಲ್ಲಾ?"

"ಐತಿ," ಎಂದಳು ಹುಡುಗಿ. "ನನ್ನ ಕ್ಯಾಂಪ್ ಹೋತಲ್ಲ. ಆದ್ರ ಸಿಟ್ಟಿಗೆ ಮಾತ ಬಿಟ್ಟಿದ್ದಿಲ್ಲ ನಾ. ಬಾಯಿ ತಗದ್ರ, ಎಮ್ಮಿ ಬಂದಿದ್ದಿಲ್ಲ ಅನ್ನೂದು ಎಲ್ಲೆ ಹೊರಗ ಬರತೈತೋ ಅಂತ ಅಂಜಿಕಿ ಆಗತಿತ್ತು. ಅವ್ವಗ ಗೊತ್ತಾದ್ರ ನಿನಗ ಬೈತಾಳ."

ಇಷ್ಟು ದಿನ ತನ್ನನ್ನು ತಿಂದ ಮೌನ ತನ್ನನ್ನೇ ಕಾಯುತ್ತಿತ್ತು ಎಂದು ತಿಳಿದು ಮಾಸ್ತರರಿಗೆ ತಡೆಯಲಾಗಲಿಲ್ಲ. ಮಗಳ ಪ್ಲಾಸ್ಟರಿನ ಮೇಲೆ ತಲೆಯಿಟ್ಟು ಅತ್ತರು. ಒಳಗೆ ರೊಟ್ಟಿಯ ಸದ್ದು ನಿಂತದ್ದು ಅವರಿಗೆ ಕೇಳಿಸಲಿಲ್ಲ.

ಪ್ರಭಾವತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. "ಎಮ್ಮಿ ಬಂದಿದ್ದಿಲ್ಲಂತ ನನಗ ಅವತ್ತ ಗೊತ್ತಾತು. ನಿಮ್ಮ ಗಾಯಾ ತೊಳದಾಕಿ ನಾನಲ್ಲ? ಹ್ಯಾಂಡಲ್ ಹಿಡದ ಬಿದ್ದಾಂವಗ ಅಂಗೈ ತರಚತಾವ. ನಿಮಗ ತರಚಿದ್ದು ಮೊಳಕೈ ಹಿಂಭಾಗ."

"ಮತ್ತ... ನೀ ಯಾಕ ಕೇಳಲಿಲ್ಲ?"

"ದವಾಖಾನ್ಯಾಗ ಒಂದ ಎಮ್ಮಿ ಇತ್ತು," ಎಂದಳು ಪ್ರಭಾವತಿ. "ಓಣ್ಯಾಗ ಎರಡ ಆದ್ವು. ದೇವಕ್ಕಜ್ಜಿ ಮುಂದ ಐದು. ಒಂಬೈನೂರ ತೊಂಬತ್ತೊಂಬತ್ತ ಆಗಲಿ, ಆಮ್ಯಾಲೆ ಒಮ್ಮೆ ಕುಂತು ಹಾಜರಿ ತಗೊಂಡರಾತು ಅಂತ ಸುಮ್ನಿದ್ದೆ."