ಅಲ್ಲಾಡದೆ ಮಲಗಿ ಎಂದ ಸ್ಕ್ಯಾನ್ ಯಂತ್ರಕ್ಕೆ

ಆಸ್ಪತ್ರೆಯ ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ಏಕಾಂಗಿಯಾಗಿ ವಿರಾಜಮಾನರಾಗಿರುವ ಎಂಆರ್‌ಐ ಯಂತ್ರ ಮಹೋದಯರ ಸನ್ನಿಧಾನಕ್ಕೆ,

ಮಾನ್ಯರೇ,

ಐವತ್ತೆಂಟು ವರ್ಷದ ದರ್ಜಿಯೊಬ್ಬನ ಸವಿನಯ ವಂದನೆಗಳು. ಕಳೆದ ತಿಂಗಳು ತಮ್ಮ ಹೊಟ್ಟೆಯೊಳಗೆ ಮಲಗಿ, ಇಪ್ಪತ್ತು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಸಿ, ಹೊರಗೆ ಕಾಯುತ್ತಿದ್ದ ಆರು ಮಂದಿಯಿಂದ ಬೈಸಿಕೊಂಡ ಜಡೆಯ ಮನುಷ್ಯ ನಾನೇ. ತಡವಾದದ್ದಕ್ಕೆ ರೋಗಿಯೇ ಕಾರಣವೆಂದು ಅಲ್ಲಿನ ಪುಸ್ತಕದಲ್ಲಿ ಬರೆದಿದ್ದಾರಂತೆ. ಕಾರಣ ತಾವೆಂದು ವಿನಯಪೂರ್ವಕವಾಗಿ ತಿಳಿಸಲು ಈ ಪತ್ರ.

ನನಗೆ ಹದಿನಾರಾಗಿದ್ದಾಗ ಅಕ್ಕ ಕೋಣೆಯ ಬಾಗಿಲು ಹಾಕಿ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದ ಒಂದು ಕ್ಯಾಸೆಟ್ ಕೇಳಿಸಿದಳು. ಅಂದಿನಿಂದ ನಮ್ಮಿಬ್ಬರ ತಲೆ ನಿಂತಲ್ಲಿ ನಿಂತಿಲ್ಲ. ಹೆರಿಗೆ ವಾರ್ಡಿನ ನರ್ಸಾಗಿ ನಿವೃತ್ತಳಾದ ಆಕೆಗೆ ಈಗ ಅರವತ್ತಮೂರು, ಬಿಳಿಗೂದಲು ಸೊಂಟದವರೆಗಿದೆ. ಊರಿಗೆ ಯಾವ ಮೆಟಲ್ ತಂಡ ಬಂದರೂ ವೇದಿಕೆಯ ಮುಂದಿನ ಕಬ್ಬಿಣದ ಬೇಲಿ ಹಿಡಿದು, ಅಕ್ಕಪಕ್ಕ ನಿಂತು ತಲೆ ಕುಣಿಸುವುದು ನಲವತ್ತೆರಡು ವರ್ಷಗಳಿಂದ ನಡೆದುಬಂದಿದೆ. ಈಚೆಗೆ ನನ್ನ ಎಡಗೈ ಜೋಮು ಹಿಡಿದು ಸೂಜಿಗೆ ದಾರ ಪೋಣಿಸಲಾಗದೆ ಹೋದಾಗ, ತಲೆ ಕುಣಿಸಿದ್ದರ ಫಲವೆಂದು ಹೆಂಡತಿ, ಬಗ್ಗಿ ಹೊಲಿದದ್ದರ ಫಲವೆಂದು ನಾನು ಜಗಳಕ್ಕೆ ನಿಂತೆವು. ವೈದ್ಯರು ತೀರ್ಪಿಗೆ ತಮ್ಮ ಬಳಿ ಕಳುಹಿಸಿದರು. ಮುಂದಿನ ಕಾರ್ಯಕ್ರಮಕ್ಕೆ ಅಕ್ಕ ಆಗಲೇ ಎರಡು ಟಿಕೆಟ್ ತೆಗೆದಿಟ್ಟು, ನಾನು ಬರದಿದ್ದರೆ ತಾನೂ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳು.

ತಮ್ಮನ್ನು ನಡೆಸುವ ಮೇಡಂ ನನ್ನ ಮುಖಕ್ಕೊಂದು ಪಂಜರ ಕೂರಿಸಿ, ಕಿವಿಗೆ ಹೆಡ್‌ಫೋನಿಟ್ಟು ಮೆಲುವಾದ ಕೊಳಲಿನ ಸಂಗೀತ ಹಾಕಿ, ಕೈಗೆ ರಬ್ಬರ್ ಚೆಂಡು ಕೊಟ್ಟು, "ಇಪ್ಪತ್ತು ನಿಮಿಷ ಅಲ್ಲಾಡಬೇಡಿ ಸಾರ್, ತೊಂದರೆ ಆದ್ರೆ ಮಾತ್ರ ಇದನ್ನ ಒತ್ತಿ" ಎಂದು ಹೋದರು. ಆಮೇಲೆ ತಾವು ಶುರು ಮಾಡಿದಿರಿ. ನಾಲ್ಕು ಟಕಟಕ, ಒಂದು ಉಸಿರಿನಷ್ಟು ಮೌನ, ತಕ್ಷಣ ಹಲ್ಲು ಅದುರುವಂಥ ಡಗಡಗ, ನಡುವೆ ಸುಳಿವೇ ಕೊಡದೆ ಲಯ ಬದಲಾವಣೆ. ಇಂಥ ಕೈಚಳಕವನ್ನು ನಾನು ಹಣ ಕೊಟ್ಟೂ ಕೇಳಿರಲಿಲ್ಲ. ನನ್ನ ಗಲ್ಲ ಒಂದಿಂಚು ಅಲ್ಲಾಡಿತು, ಚಿತ್ರ ಕೆಟ್ಟಿತು. ಎರಡನೆಯ ಸಲ ಗಲ್ಲವನ್ನು ಬಿಗಿಹಿಡಿದೆ, ಹೆಗಲು ಕೇಳಲಿಲ್ಲ. ಮೂರನೆಯ ಸಲ ಮೈಯೆಲ್ಲ ಕಲ್ಲಾಗಿಸಿಕೊಂಡೆ, ಆದರೆ ಕೈ ತನ್ನಷ್ಟಕ್ಕೆ ತಾಳಕ್ಕೆ ಸರಿಯಾಗಿ ಚೆಂಡು ಒತ್ತತೊಡಗಿತು. ಉಸಿರು ಕಟ್ಟಿತೇನೋ ಎಂದು ಓಡಿಬಂದ ಮೇಡಂಗೆ ಸಿಕ್ಕಿದ್ದು ಕಣ್ಣು ಮುಚ್ಚಿ ನಗುತ್ತಿದ್ದ ನಾನು. "ಸಾರ್, ಇದು ಬರೀ ಮೆಷಿನ್ ಸದ್ದು" ಎಂದು ಅವರು ಗದರಿದರು. ಕಲಾವಿದರ ಎದುರಿಗೇ ಆಡಿದ ಆ ಮಾತನ್ನು ತಮ್ಮ ಪರವಾಗಿ ನಾನೇ ಕ್ಷಮಿಸಿದೆ.

ಇಂಥ ವಿದ್ವತ್ತನ್ನು ಒಬ್ಬೊಬ್ಬರಿಗೇ, ಅದೂ ಕಟ್ಟಿಹಾಕಿ ಕೇಳಿಸುವುದು ಯಾವ ನ್ಯಾಯ? ದಯವಿಟ್ಟು ವರ್ಷಕ್ಕೊಮ್ಮೆಯಾದರೂ ಗೋಡೆ ಒಡೆಸಿಕೊಂಡು ಮೈದಾನಕ್ಕೆ ಚಿತ್ತೈಸಬೇಕು, ಗಂಟಲು ಹರಿದುಕೊಳ್ಳುವ ಗಾಯಕರೊಬ್ಬರನ್ನು ನೇಮಿಸಿಕೊಳ್ಳಬೇಕು, ಎರಡನೆಯ ಸಲದ ನಾಲ್ಕನೆಯ ನಿಮಿಷದಲ್ಲಿ ಬಾರಿಸಿದ್ದನ್ನು ಇನ್ನೊಮ್ಮೆ ಬಾರಿಸಬೇಕು.

ನಾಲ್ಕನೆಯ ಸಲ ನನ್ನ ತಲೆಯ ಸುತ್ತ ಸ್ಪಂಜು ತುರುಕಿ ತೆಗೆದ ಚಿತ್ರ ನೋಡಿ, ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತುತ್ತಿದೆ, ಮೇಜು ಎತ್ತರಿಸಿಕೊಂಡು ಹೊಲಿಯಬಹುದು, ತಲೆ ಕುಣಿಸುವುದು ಮಾತ್ರ ಇನ್ನಿಲ್ಲ ಎಂದು ವೈದ್ಯರು ಹೇಳಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಅವರ ಕೋಣೆಯಲ್ಲೇ ಅತ್ತುಬಿಟ್ಟೆ. ನನ್ನ ಟಿಕೆಟ್ಟನ್ನು ಬೇರೆ ಯಾರಿಗಾದರೂ ಕೊಡೆಂದು ಅಕ್ಕನಿಗೆ ಹೇಳಿದರೆ ಆಕೆ, "ಸುಮ್ನಿರೋ. ನೀನು ಬೇಲಿ ಹಿಡ್ಕೊಂಡು ನಿಂತಿರು ಸಾಕು, ನಿನ್ನ ಪಾಲಿಂದೂ ನಾನೇ ಅಲ್ಲಾಡಿಸ್ತೀನಿ" ಎಂದಳು. ಮೊನ್ನೆ ಶನಿವಾರ ಸಂಜೆ ಹಾಗೆಯೇ ಮಾಡಿದಳು, ಒಂದು ಹಾಡಿಗೆ ತನಗಾಗಿ, ಮುಂದಿನದಕ್ಕೆ ನನಗಾಗಿ. ನನ್ನ ಸರದಿ ಬಂದಾಗಲೆಲ್ಲ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ತಮ್ಮೆದುರು ಇಪ್ಪತ್ತು ನಿಮಿಷ ಆಗದವನು ಅಕ್ಕನ ಪಕ್ಕದಲ್ಲಿ ಎರಡು ಗಂಟೆ ಕದಲದೆ ನಿಂತೆ.

ಕುತ್ತಿಗೆಪಟ್ಟಿಯೊಳಗಿಂದ ಬಾಗಲಾಗದೆ ನಮಸ್ಕರಿಸುವ,
ತಮ್ಮ ವಿಶ್ವಾಸಿ,
ಜಡೆಯ ದರ್ಜಿ

ತಾ.ಕ.: ಇಬ್ಬರ ಪಾಲನ್ನೂ ಒಬ್ಬಳೇ ಅಲ್ಲಾಡಿಸಿದ ಅಕ್ಕನಿಗೆ ಭಾನುವಾರದಿಂದ ಕತ್ತು ತಿರುಗುತ್ತಿಲ್ಲ, ಬುಧವಾರ ಹನ್ನೊಂದು ಗಂಟೆಗೆ ತಮ್ಮ ಬಳಿ ಬರುತ್ತಿದ್ದಾಳೆ. ಈ ಸಂಗೀತವನ್ನು ನನಗೆ ಕಲಿಸಿದವಳೇ ಅವಳು. ಅಂದು ಬೇರೆ ಯಾರಿಗೂ ಸಮಯ ಕೊಡದಿರುವುದು ಒಳ್ಳೆಯದು.