ಅಳಿಯಂದಿರಿಗೆ ಅನುಕೂಲವಾದ ಇಳಿಜಾರು

ಗಂಡಸರು ನಿವೃತ್ತರಾದರೆ ಬ್ಯಾಂಕಿಗೆ ಲಾಭವೋ ನಷ್ಟವೋ ನನಗೆ ಗೊತ್ತಿಲ್ಲ. ಅಡುಗೆಮನೆಗೆ ಮಾತ್ರ ನಷ್ಟ. ಈ ಮಾತನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ನಮ್ಮ ಅಳಿಯ ಬದರಿನಾಥ ಅವರು ದೇವರಂಥ ಮನುಷ್ಯರು. ಆದರೆ ದೇವರು ದೇವರಮನೆಯಲ್ಲಿರಬೇಕು. ಒಲೆಯ ಪಕ್ಕ ನಿಂತುಕೊಂಡು, "ಅತ್ತೆ, ಈ ಒಗ್ಗರಣೆಗೆ ಇಷ್ಟೊಂದು ಎಣ್ಣೆ ಬೇಕಾ?" ಎಂದು ಕೇಳಬಾರದು.

ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಜೆ.ಪಿ. ನಗರಕ್ಕೆ, ಮಗಳು ಶಾಂತಲಾಳ ಮನೆಗೆ ಬಂದೆ. ಅವಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಹಾಗಾಗಿ ಅಡುಗೆಮನೆ ನನ್ನ ಸಂಸ್ಥಾನವಾಯಿತು. ಕಣ್ಣು ಮುಚ್ಚಿ ಕೈ ಚಾಚಿದರೆ ಸಾಸಿವೆ, ಇನ್ನಷ್ಟು ಚಾಚಿದರೆ ಮೆಂತ್ಯ. ಹೀಗಿದ್ದ ರಾಜ್ಯಕ್ಕೆ ಅಳಿಯಂದಿರು ಬ್ಯಾಂಕಿನಿಂದ ಸ್ವಯಂನಿವೃತ್ತಿ ತೆಗೆದುಕೊಂಡು ದಯಮಾಡಿಸಿದರು. ಊರೂರಿನ ಶಾಖೆಗಳ ತನಿಖೆ ಮಾಡುತ್ತಿದ್ದವರಿಗೆ ಈಗ ತನಿಖೆಗೆ ಉಳಿದದ್ದು ಒಂದೇ ಶಾಖೆ. ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಬಾಲ್ಕನಿಗೆ, ಅಲ್ಲಿಂದ ಮತ್ತೆ ಅಡುಗೆಮನೆಗೆ. ನಿಂತಲ್ಲಿ ನಿಲ್ಲರು, ಕೂತಲ್ಲಿ ಕೂರರು. ಒಂದು ದಿನ ನಾನು ಸಾರಕ್ಕಿ ಮಾರುಕಟ್ಟೆಯಿಂದ ಸೊಪ್ಪು ತರುವಷ್ಟರಲ್ಲಿ ಡಬ್ಬಿಗಳನ್ನೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿಬಿಟ್ಟಿದ್ದರು. (ಇಂಗ್ಲಿಷಿನಲ್ಲಿ ಇಂಗು ಎಲ್ಲರಿಗಿಂತ ಮುಂದಂತೆ. ಅರಿಶಿನ ತೀರಾ ಹಿಂದಂತೆ. ಯಾವ ಸೀಮೆಯ ನ್ಯಾಯವೋ ಇದು!) ಅಂದು ನಾನು ಸಾರಿಗೆ ಸಾಸಿವೆಯೆಂದು ಗಸಗಸೆ ಸುರಿದೆ.

ಅಳಿಯನಿಗೆ ಅತ್ತೆ ಏನೆಂದು ಹೇಳಿಯಾಳು? ದನಿ ಎತ್ತುವಂತಿಲ್ಲ, ಹೊರಗೆ ಹೋಗಿ ಎನ್ನುವಂತಿಲ್ಲ. "ಇರಲಿ ಬಿಡಿ" ಎನ್ನುತ್ತಾ ಸೌಟನ್ನು ಸ್ವಲ್ಪ ಜೋರಾಗಿ ಇಡಬಹುದು, ಅಷ್ಟೇ.

ಹೀಗಿರುವಾಗ ಡಾಕ್ಟರು ಅವರಿಗೆ ವ್ಯಾಯಾಮ ಮಾಡಲು ಹೇಳಿದರು. ಆ ಡಾಕ್ಟರ ಹೊಟ್ಟೆ ತಣ್ಣಗಿರಲಿ. ಅಳಿಯಂದಿರು ಒಂದು ಗುಡ್ಡಗಾಡು ಸೈಕಲ್ಲು ತಂದರು. ಎಮ್ಮೆಯ ಕುತ್ತಿಗೆಯಷ್ಟು ದಪ್ಪ ಟೈರು, ಮುಂದೆ ಸ್ಪ್ರಿಂಗು, ಮಾವಿನಕಾಯಿ ತುರಿಯಬಹುದಾದಷ್ಟು ಹಲ್ಲಿನ ಚಕ್ರಗಳು. ಅದಕ್ಕೆ ಆರತಿ ಎತ್ತಿದವಳು ನಾನೇ. ನೋಡಿದವರು ಸೈಕಲ್ಲಿಗೆ ಎತ್ತಿದ್ದು ಅಂದುಕೊಂಡರು. ನಾನು ಎತ್ತಿದ್ದು ನನ್ನ ಬಿಡುಗಡೆಗೆ.

ಶಾಂತಲಾಗೆ ಮಾತ್ರ ಕೆಂಡದಂಥ ಕೋಪ.

"ಲಿಫ್ಟು ಕೆಟ್ಟಿದ್ರೆ ಮೇಲಿನ ಮನೆ ಗೃಹಪ್ರವೇಶಕ್ಕೂ ಬರಲ್ಲ ನೀವು. ಈಗ ಗುಡ್ಡ ಹತ್ತಬೇಕಾ?"

"ಹತ್ತೋದು ಸುಲಭ ಕಣೇ. ಇಳಿಯೋದ್ರಲ್ಲೇ ಟೆಕ್ನಿಕ್ ಇರೋದು."

"ಟೆಕ್ನಿಕ್ಕೂ ಬೇಡ, ಏನೂ ಬೇಡ. ಭಾನುವಾರ ಹೋಗ್ತೀರಲ್ಲ, ಹೋಗಿ. ವಾಪಸ್ ಬಂದಾಗ ಮೈಮೇಲೆ ಒಂದು ಗೀರು ಕಂಡ್ರೂ ಸೈಕಲ್ ಮಾರಿಬಿಡ್ತೀನಿ. ಆಮೇಲೆ ನೀವು ಮನೇಲೇ ಇರ್ಬೇಕು, ಅಮ್ಮನ ಜೊತೆ."

ಕೊನೆಯ ಮಾತಿಗೆ ನಾನು ಹಾಲಿನ ಪಾತ್ರೆ ಕೆಳಗಿಟ್ಟು ಲೆಕ್ಕ ಹಾಕಿದೆ. ಅಂದರೆ ಏನಾಯಿತು? ಅಳಿಯಂದಿರು ಬೀಳದಿದ್ದರೆ ಬೆಳಗಿನ ಹೊತ್ತು ಅಡುಗೆಮನೆ ನನ್ನದು. ಬಿದ್ದರೆ ನನ್ನ ಜನ್ಮವಿಡೀ ಅವರದು.

ಭಾನುವಾರ ಹೋಗುವುದು ಸೈಕಲ್ಲಿನವರದೊಂದು ಗುಂಪಿನ ಜೊತೆ. ಅದರ ಮುಂದಾಳು ಶ್ವೇತಾ ಎನ್ನುವ ಹುಡುಗಿ, ಧಾರವಾಡದ ಕಡೆಯವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ಕನಕಪುರ ರಸ್ತೆಯಲ್ಲಿ ಊರು ದಾಟಿದ ಮೇಲೆ ನೀಲಗಿರಿ ತೋಪಿನ ಗುಡ್ಡವೊಂದಿದೆಯಂತೆ, ಅಲ್ಲಿ ಮೂರು ದಾರಿಗಳಂತೆ. ಹೊಸಬರಾದ ನೀವೇ ನಿಮಗೆ ಒಗ್ಗುವ ದಾರಿ ಆರಿಸಿ ಎಂದು ಅವಳು ಹೇಳಿದ್ದೇ ತಡ, ಅಳಿಯಂದಿರ ನಿದ್ದೆ ಹೋಯಿತು. ಪಾರ್ಕಿನ ಸುತ್ತ ಎರಡು ಸುತ್ತು ಹೊಡೆಯುವುದು, ಬಂದು ಅಡುಗೆಮನೆಯಲ್ಲಿ ನನ್ನ ಮುಂದೆ ಮೊಬೈಲು ಹಿಡಿಯುವುದು.

"ಅತ್ತೆ, ಫಾರಿನ್‌ನಲ್ಲಿ ದಾರಿಗೆ ಬಣ್ಣ ಇರತ್ತೆ. ಹಸಿರು ಕಲಿಯೋರಿಗೆ, ನೀಲಿ ಕಲಿತೋರಿಗೆ, ಕಪ್ಪು ಪಳಗಿದೋರಿಗೆ. ನಮ್ಮ ತೋಪಿಗೆ ಯಾರೂ ಬಣ್ಣ ಕೊಟ್ಟಿಲ್ಲ. ಒಬ್ಬ ಈಸಿ ಅಂತಾನೆ, ಇನ್ನೊಬ್ಬ ಆಂಬುಲೆನ್ಸ್ ನಂಬರ್ ಇಟ್ಕೊಳ್ಳಿ ಅಂತಾನೆ. ಏನ್ ಮಾಡ್ಲಿ?"

"ಸ್ವಲ್ಪ ಪಕ್ಕಕ್ಕೆ ಬನ್ನಿ, ಕುಕ್ಕರ್ ಕೂಗತ್ತೆ" ಎಂದೆ. ಆದರೆ ಮನಸ್ಸಿನಲ್ಲಿ ಆಗಲೇ ನಿರ್ಧರಿಸಿಬಿಟ್ಟಿದ್ದೆ. ಮೊಬೈಲು ನೋಡಿ ಯಾರಾದರೂ ಸಂಬಂಧ ಬೆಳೆಸುತ್ತಾರೆಯೇ? ಹೋಗಿ ಕಣ್ಣಾರೆ ನೋಡಬೇಕು.

ಪಕ್ಕದ ಮನೆಯ ಪಾರ್ವತಮ್ಮನವರನ್ನು ಕರೆದುಕೊಂಡೆ. ನಮ್ಮ ಬೀದಿಯಲ್ಲಿ ಯಾರ ಮನೆಗೆ ಗಂಡು ನೋಡಬೇಕಾದರೂ ಅವರಿಲ್ಲದೆ ಹೋಗುವುದಿಲ್ಲ. ಮೊಬೈಲಿನಲ್ಲಿ ಆಟೊ ಕರೆಸಲೂ ಬರುತ್ತದೆ. ಶುಕ್ರವಾರ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ, ಶಾಂತಲಾ ಬರುವಷ್ಟರಲ್ಲಿ ತಿರುಗಿ ಬರುವ ಲೆಕ್ಕದಲ್ಲಿ ನೇರ ತೋಪಿಗೆ ಹೊರಟೆವು. ಅಳಿಯಂದಿರಿಗೆ "ಗುಡಿಗೆ" ಎಂದಷ್ಟೇ ಹೇಳಿದ್ದೆ. ಅದರಲ್ಲಿ ಅರ್ಧ ನಿಜವಿತ್ತು.

ಕಲಿಯುವವರಿಗೆ ಎಂಥ ದಾರಿಯಿರಬೇಕು? ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಅಗಲವಿರಬೇಕು. ಕಾಲಿಟ್ಟರೆ ಜಾರುವ ಜಲ್ಲಿಯಿರಬಾರದು. ಬೇರುಗಳು ಎದ್ದಿರಬಾರದು. ತಿರುವಿನಲ್ಲಿ ಎದುರಿಗೆ ಬರುವವರು ಕಾಣಬೇಕು. ಒಂದು ಪಕ್ಕವಾದರೂ ಹಳ್ಳವಿಲ್ಲದೆ ಕಾಲೂರಲು ಜಾಗವಿರಬೇಕು. ಇದನ್ನೆಲ್ಲ ಯಾರೂ ಕಲಿಸಬೇಕಿಲ್ಲ, ನನ್ನ ಮಂಡಿಗಳಿಗೇ ಗೊತ್ತು. ಇನ್ನು ಇಳಿಜಾರು. ಅದಕ್ಕೆ ನಾನು ಸೆರಗಿನ ಗಂಟಿನಲ್ಲಿ ಮನೆಯ ನಿಂಬೆಹಣ್ಣು ತಂದಿದ್ದೆ. ಬಚ್ಚಲುಮನೆಯ ನೆಲ ಹಾಕಿಸಿದಾಗಲೂ ನೀರು ಎತ್ತ ಹರಿಯುತ್ತದೆಂದು ಹೀಗೇ ನೋಡಿದ್ದು. ನೆಲಕ್ಕಿಟ್ಟ ಹಣ್ಣು ನಿಂತರೆ ಅಳಿಯಂದಿರೂ ನಿಲ್ಲುತ್ತಾರೆ. ಉರುಳಿದರೆ ಅವರೂ ಉರುಳುತ್ತಾರೆ.

ಮೊದಲ ದಾರಿಯಲ್ಲಿ ಹಣ್ಣು ಇಟ್ಟೆನೋ ಇಲ್ಲವೋ, ಮಾವನ ಮನೆಗೆ ಹೊರಟ ಹೊಸ ಅಳಿಯನ ಹಾಗೆ ಓಡಿಹೋಗಿ ಪೊದೆ ಸೇರಿತು.

"ಈ ಸಂಬಂಧ ಬೇಡ" ಎಂದರು ಪಾರ್ವತಮ್ಮ.

ಎರಡನೆಯದರಲ್ಲಿ ಹಣ್ಣು ನಿಂತಿತು. (ನನ್ನ ಹತ್ತಿರ ಇನ್ನೊಂದಿತ್ತು.) ಆದರೆ ಬೇರುಗಳು ಹಪ್ಪಳದ ಲಟ್ಟಣಿಗೆಗಳನ್ನು ಸಾಲಾಗಿ ಮಲಗಿಸಿದ ಹಾಗೆ ಎದ್ದಿದ್ದವು.

"ಹುಡುಗ ಒಳ್ಳೆಯವನೇ, ಮನೆಯವರು ಸರಿಯಿಲ್ಲ."

ಮೂರನೆಯದು, ಬಲಗಡೆಯದು! ಕೆಮ್ಮಣ್ಣಿನ ಹದವಾದ ನೆಲ, ಸಣ್ಣ ಇಳಿಜಾರು, ಅಗಲವಾದ ತಿರುವು, ಪಕ್ಕದಲ್ಲಿ ಮೆತ್ತನೆಯ ಹುಲ್ಲು. ಹತ್ತಾರು ಕಡೆ ಇಟ್ಟು ನೋಡಿದೆ. ಹಣ್ಣು ಎಲ್ಲಿಯೂ ತುಸು ಅಲುಗಿ ಕೂತುಕೊಳ್ಳುತ್ತಿತ್ತೇ ಹೊರತು ಓಡಲಿಲ್ಲ. ನನಗೆ ಕಣ್ಣು ತುಂಬಿಬಂತು. ಮಗಳಿಗೆ ಗಂಡು ಗೊತ್ತಾದ ದಿನವೂ ನಾನು ಇಷ್ಟು ನಿಶ್ಚಿಂತಳಾಗಿರಲಿಲ್ಲ.

ಹೊರಡುವಾಗ ಪಾರ್ವತಮ್ಮ ತಮ್ಮ ಚೀಲದಿಂದ ಗುಡಿಯಲ್ಲಿ ಕೊಟ್ಟ ಇಡೀ ನಿಂಬೆಹಣ್ಣು ತೆಗೆದರು. ಅದಕ್ಕೆ ಬೊಟ್ಟು ತುಂಬ ಕುಂಕುಮ ಹಚ್ಚಿ, ತಿರುವಿನಾಚೆ ದಾರಿಯ ನಟ್ಟನಡುವೆ ಇಟ್ಟರು.

"ಅಮ್ಮನವರ ರಕ್ಷೆ. ನಿಮ್ಮ ಅಳಿಯಂದಿರು ಇದರ ಮೇಲೆ ಹಾಯ್ದು ಹೋದ್ರೆ ಕೂದಲೂ ಕೊಂಕಲ್ಲ. ಆದ್ರೆ ಯಾರ ಹತ್ರನೂ ಬಾಯಿ ಬಿಡ್ಬೇಡಿ. ರಕ್ಷೆ ಹೇಳ್ಬಿಟ್ರೆ ಬಲ ಹೋಯ್ತು."

ನಾನು ಬಾಯಿ ಬಿಡಲಿಲ್ಲ. "ಹೋಗಿ ನೋಡ್ಕೊಂಡು ಬಂದೆ, ಬಲಗಡೆಯ ದಾರೀಲೇ ಹೋಗಿ" ಎಂದಷ್ಟೇ ಅಳಿಯಂದಿರಿಗೆ ಹೇಳಿದೆ. ಅವರು ಎರಡೂ ಕೈ ಜೋಡಿಸಿ, "ಅತ್ತೆ, ನೀವು ಗ್ರೇಟ್" ಎಂದರು.

ಭಾನುವಾರ ಅವರು ಹೊರಟರು. ಅಡುಗೆಮನೆ ಖಾಲಿ. ಅದಕ್ಕೇ ಅಲ್ಲವೇ ನಾನು ಇಷ್ಟೆಲ್ಲ ಪಾಡುಪಟ್ಟದ್ದು! ಆದರೆ ಕೈಗೆ ಕೆಲಸವೇ ಹತ್ತಲಿಲ್ಲ. ಕಾದ ಹಾಲನ್ನೇ ಮತ್ತೆ ಕಾಯಿಸಿದೆ. ಗೇಟಿನ ತನಕ ಹೋದೆ, ಬಂದೆ. ಕಾಯಿ ತುರಿಯಲು ಕೂತೆ, ಎದ್ದೆ. ನಡುಮನೆ, ಅಡುಗೆಮನೆ, ಬಾಲ್ಕನಿ ಎಂದು ನಾನೇ ಸುತ್ತುತ್ತಿದ್ದೆ.

"ಅಮ್ಮಾ, ಕೂತ್ಕೊ. ಅವರ ಹಾಗೇ ಆಡ್ತಿದ್ದೀಯಲ್ಲ!" ಎಂದಳು ಶಾಂತಲಾ.

ಅಷ್ಟರಲ್ಲಿ ಕಾರು ಬಂತು. ಹಿಂದೆ ಸೈಕಲ್ಲು, ಮುಂದೆ ಅಳಿಯಂದಿರು. ಎಡಗೈಗೆ ಮೊಳಕೈತನಕ ಬೆಳ್ಳಗೆ ಪಟ್ಟಿ. ಕಾರು ಓಡಿಸಿಕೊಂಡು ಬಂದವಳು ಶ್ವೇತಾ.

"ಅಂಜಬ್ಯಾಡ್ರಿ ಮೇಡಂ, ಆಸ್ಪತ್ರೀಗೆ ತೋರಿಸಿಕೊಂಡೇ ಬಂದೇವಿ. ಎಲುಬು ಒಂಚೂರು ಸೀಳೇದ ಅಷ್ಟ."

"ಎಂಥ ದಾರಿಗೆ ಕರ್ಕೊಂಡ್ ಹೋಗಿದ್ದಮ್ಮ ನೀನು?" ಎಂದು ಶಾಂತಲಾ ಸಿಡುಕಿದಳು.

"ದಾರಿ ಬಂಗಾರದಂಥಾದು ಬಿಡ್ರಿ! ಮಕ್ಕಳೂ ಬೀಳಂಗಿಲ್ಲ. ಆದ್ರ ನಡುವ ಒಂದು ನಿಂಬಿಹಣ್ಣು ಇತ್ತರಿ, ಕುಂಕುಮ ಬಡದಿದ್ರು. ಮಾಟ ಮಾಟ ಅಂತ ಒದರಿ ಸರ್ ಮುಂದಿನ ಬ್ರೇಕ್ ಒಂದ ಹಿಡದ್ರು. ಸೈಕಲ್ ನಿಂತ್ತು, ಇವ್ರು ನಿಲ್ಲಲಿಲ್ಲ. ಹಿಂದಿದ್ದವ್ರು ಯಾರೂ ಆ ಹಣ್ಣು ದಾಟವಲ್ರು. ಕಡೀಕೆ ನಾನ ತಗದು ಬಾಟ್ಲಿ ನೀರಿಗೆ ಹಿಂಡಿಕೊಂಡು ಕುಡದೆ."

ಅಳಿಯಂದಿರು ಸೋಫಾದಲ್ಲಿ ನರಳುತ್ತಾ, "ತುಳಿದ್ರೆ ಕೆಟ್ಟದ್ದು, ದಾಟಿದ್ರೆ ಇನ್ನೂ ಕೆಟ್ಟದ್ದು. ನಾನೇನು ಮಾಡ್ಲಿ? ಯಾವ ಪಾಪಿ ಇಟ್ಟಿದ್ನೋ" ಎಂದರು.

ರಕ್ಷೆಯ ಬಲ ಹೇಗೂ ಹೋಗಿತ್ತು. "ಪಾಪಿ ಅಲ್ಲ, ಪಾರ್ವತಮ್ಮ" ಎಂದೆ ನಾನು. ಆಮೇಲೆ ಮಂಡಿಯಿಂದ ಹಿಡಿದು ಬಚ್ಚಲುಮನೆಯ ನೆಲದವರೆಗೆ ಎಲ್ಲವನ್ನೂ ಹೇಳಿದೆ.

ಶಾಂತಲಾ ಒಮ್ಮೆ ಗಂಡನ ಕೈ ನೋಡಿದಳು, ಒಮ್ಮೆ ಸೈಕಲ್ಲು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ನ್ಯಾಯಾಲಯದ ತೀರ್ಪು ಬಂತು:

"ಪಾಪ, ಸೈಕಲ್‌ದೇನೂ ತಪ್ಪಿಲ್ಲ. ಇರಲಿ ಅದು."

ಅಳಿಯಂದಿರ ಮುಖ ಅರಳಿತು. ನೋವಿನಲ್ಲೂ ಎದ್ದು ಕೂತರು. "ಅತ್ತೆ, ನಿಮ್ಮ ಮೆಥಡ್ ಸಖತ್ತಾಗಿದೆ! ಪೂರ್ತಿ ಸೈಂಟಿಫಿಕ್! ಕುಂಕುಮ ಒಂದು ಬೇಡವಾಗಿತ್ತು."

"ಹೌದ್ರಿ ಸರ್" ಎಂದಳು ಶ್ವೇತಾ. "ನಮ್ಮ ಗುಂಪಿಗೆ ಹೊಸಬ್ರು ಭಾಳ ಮಂದಿ ಬರಾಕತ್ತಾರ. ಅವ್ರಿಗೆ ದಾರಿ ಆರಿಸೋದ ತ್ರಾಸ. ಅಜ್ಜಿ, ಮುಂದಿನ ಐತವಾರ ಬ್ಯಾರೆ ಗುಡ್ಡ ನೋಡೋದೈತಿ. ಕಾರಿನಾಗ ಕರ್ಕೊಂಡು ಹೋಗ್ತೇನಿ, ಬರ್ರಿ."

"ಅಯ್ಯೋ, ನಾನೆಲ್ಲಿ ಬರ್ಲಮ್ಮ! ಭಾನುವಾರದ ಅಡುಗೆ ಯಾರು ಮಾಡ್ತಾರೆ?"

ಈ ಪ್ರಶ್ನೆ ಕೇಳಿದ್ದೇ ನನ್ನ ದೊಡ್ಡ ತಪ್ಪು.

"ನಾನಿಲ್ವಾ ಅತ್ತೆ?" ಎಂದರು ಅಳಿಯಂದಿರು. "ಹೇಗೂ ಸೈಕಲ್ ತುಳಿಯೋ ಹಾಗಿಲ್ಲ. ಒಗ್ಗರಣೆಗೆ ಒಂದು ಕೈ ಸಾಕು."

"ಹೋಗಿ ಬಾಮ್ಮ" ಎಂದಳು ನಾನು ಹೆತ್ತ ಮಗಳು. "ನಿಂಗೂ ಗಾಳಿ ಬದಲಾಗತ್ತೆ."

ಹೀಗೆ ಮುಂದಿನ ಭಾನುವಾರ, ಪಕ್ಕದ ಜರಗನಹಳ್ಳಿಯಲ್ಲಿ ಹೂವಿನ ಗಾಡಿಗಳು ನಿಲ್ಲುವ ಮೊದಲೇ, ನನ್ನನ್ನು ಕಾರಿನಲ್ಲಿ ಹೊರಡಿಸಿ ಯಾವುದೋ ಬೋಳುಗುಡ್ಡದ ಮೇಲೆ ನಿಲ್ಲಿಸಿದರು. ಸುತ್ತ ತಲೆಗೆ ಬುಟ್ಟಿ ಮಗುಚಿಕೊಂಡಂಥ ಟೋಪಿ ಹಾಕಿದ ಮಂದಿ. ನಾನು ಬಗ್ಗಿದರೆ ಎಲ್ಲರೂ ಬಗ್ಗುತ್ತಾರೆ. ಹಣ್ಣು ನಿಂತರೆ ಚಪ್ಪಾಳೆ. ನನ್ನ ಜೀವವೆಲ್ಲ ಒಲೆಯ ಹತ್ತಿರ. ಕೊನೆಗೆ ತಡೆಯಲಾರದೆ ಶ್ವೇತಾಳ ಮೊಬೈಲಿನಿಂದ ಮನೆಗೆ ಫೋನು ಮಾಡಿಸಿದೆ.

"ಅತ್ತೆ, ಏನೂ ಚಿಂತೆ ಮಾಡ್ಬೇಡಿ" ಎಂದರು ಅಳಿಯಂದಿರು. "ಹುಳಿ ಆಯ್ತು, ಪಲ್ಯ ಆಯ್ತು. ಎಣ್ಣೆ ಅರ್ಧಕ್ಕರ್ಧ ಕಮ್ಮಿ ಮಾಡಿದ್ದೀನಿ. ನೀವು ನಿಧಾನವಾಗೇ ಬನ್ನಿ."

ಫೋನು ಇಡುವ ಮೊದಲು ಹಿಂದಿನಿಂದ ಶಾಂತಲಾಳ ದನಿ ಕೇಳಿಸಿತು. ಬಾಯಲ್ಲಿ ತುತ್ತಿಟ್ಟುಕೊಂಡು ಆಡಿದ ಮಾತು:

"ಹುಳಿ ಅಮ್ಮಂದಕ್ಕಿಂತ ಚೆನ್ನಾಗಿದೆ. ಅವಳಿಗೆ ಹೇಳ್ಬೇಡಿ."

ನಾನು ಕೈಯಲ್ಲಿದ್ದ ನಿಂಬೆಹಣ್ಣನ್ನು ಸೆರಗಿಗೆ ಗಂಟು ಹಾಕಿದೆ.

"ಶ್ವೇತಾ, ಇಲ್ಲಿಂದ ಬೇಗ ಕೆಳಗಿಳಿಯೋ ದಾರಿ ಯಾವುದಮ್ಮ?"

"ಅಕಾ ನೋಡ್ರಿ, ಆ ಕಡಿದಾದ್ದು ಐತಲ್ರಿ ಅಜ್ಜಿ. ಆದ್ರ ಅದು ಪಳಗಿದವ್ರಿಗೂ ಕಷ್ಟ. ಅಲ್ಲಿ ನಿಮ್ಮ ನಿಂಬಿಹಣ್ಣು ನಿಲ್ಲಂಗಿಲ್ಲ."

"ನಿಲ್ಲದಿದ್ರೆ ಬೇಡ" ಎಂದೆ, ಸೀರೆಯ ನೆರಿಗೆ ಎತ್ತಿ ಕಟ್ಟುತ್ತಾ. "ನಡಿ."